ಆಟೋಟದಲ್ಲೇ ಸ್ನಾತಕೋತ್ತರ ಪದವಿ: ಎಲ್ಲಿಂದ ಶುರು ಮಾಡುವುದು?

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಕೆಸರುಗದ್ದೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಉಸೇನ್ ಬೋಲ್ಟ್‌ಗಿಂತ ಜೋರು ಅಲ್ವಾ? ಲೆಕ್ಕ ಹಾಕಿದರೆ ಸೆಕೆಂಡಿಗೆ 10.46 ಮೀಟರ್. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದಾಗಿನ ಸರಾಸರಿ 10.44. ಆದರೆ ಗೌಡರ ಮುಂದೆ ಎರಡು ಕೋಣಗಳಿದ್ದವು. ಕೋಣ ಎಳೆದದ್ದು ಎಷ್ಟು, ಕಾಲು ತಳ್ಳಿದ್ದು ಎಷ್ಟು? ಕೆಸರಿನಲ್ಲಿ ಹೆಜ್ಜೆ ಎಷ್ಟು ಉದ್ದ ಬಿತ್ತು?

ಇಂಥ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದರೆ ನೀವು ಓದಬೇಕಾದದ್ದು ದೇಹದ ಚಲನೆ ಮತ್ತು ಕ್ರೀಡೆಯ ವಿಜ್ಞಾನ. ಅದಕ್ಕೆ ಕರಾವಳಿಯವರು ಊರು ಬಿಟ್ಟು ಹೋಗಬೇಕೆಂದೇನೂ ಇಲ್ಲ.

ಮೊದಲು: ಯಾವ ಬಾಗಿಲು ನಿಮ್ಮದು?

ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಕಲಿಸುವುದು, ತಂಡ ಕಟ್ಟುವುದು ಇಷ್ಟವಾದರೆ ಎಂ.ಪಿ.ಎಡ್., ಅಂದರೆ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ. ಇದು ಎರಡು ವರ್ಷ, ನಾಲ್ಕು ಸೆಮಿಸ್ಟರ್. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ವಿಭಾಗದಲ್ಲಿದೆ. ಅಳೆಯುವುದು, ಲ್ಯಾಬ್‌ನಲ್ಲಿ ಕೂರುವುದು ಇಷ್ಟವಾದರೆ ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನದ ಎಂ.ಎಸ್ಸಿ. ಇದೆ. ಗಾಯಗೊಂಡ ಆಟಗಾರರನ್ನು ಮತ್ತೆ ಮೈದಾನಕ್ಕೆ ಇಳಿಸುವ ಆಸೆಯಿದ್ದರೆ ಕ್ರೀಡಾ ಫಿಸಿಯೋಥೆರಪಿಯ ಎಂ.ಪಿ.ಟಿ. ಅದು ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ ಪದವಿ ಓದಿದವರಿಗೆ ಮಾತ್ರ.

ಹೆಚ್ಚಿನವರು ಎಡವುವುದು ಇಲ್ಲೇ. ನನ್ನ ಪರಿಚಯದ ಹುಡುಗನೊಬ್ಬ ಒಳ್ಳೆಯ ವಾಲಿಬಾಲ್ ಆಟಗಾರ. ಬಿ.ಎಸ್ಸಿ. ಮುಗಿಸಿ ನೇರ ಎಂ.ಪಿ.ಎಡ್.ಗೆ ಹೊರಟ. ಅದಕ್ಕೆ ಮೊದಲು ಬಿ.ಪಿ.ಎಡ್. (ದೈಹಿಕ ಶಿಕ್ಷಕರ ತರಬೇತಿ ಪದವಿ) ಅಥವಾ ದೈಹಿಕ ಶಿಕ್ಷಣದಲ್ಲೇ ಮಾಡಿದ ಪದವಿ ಬೇಕು, ಅದರಲ್ಲಿ ಶೇ. 50 ಅಂಕ ಇರಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಬಿ.ಪಿ.ಎಡ್. ಪ್ರವೇಶವೂ ಮುಗಿದಿತ್ತು. ಒಂದು ವರ್ಷ ಸುಮ್ನೆ ಹೋಯಿತು. ಅವನ ಮುಖ ನೆನೆದರೆ ಈಗಲೂ ಬೇಸರವಾಗುತ್ತದೆ. ಆದ್ದರಿಂದ ಡಿಗ್ರಿಯ ಕೊನೆಯ ವರ್ಷದಲ್ಲೇ ಆ ಸಾಲಿನ ಪ್ರಾಸ್ಪೆಕ್ಟಸ್ ತೆಗೆದು, ಅರ್ಹತೆಯ ಸಾಲನ್ನು ಎರಡು ಸಲ ಓದಿ.

ಎರಡನೆಯದು: ಸರ್ಟಿಫಿಕೇಟ್ ಎಸೆಯಬೇಡಿ

ಅಂತರ ಕಾಲೇಜು ಕ್ರೀಡಾಕೂಟದಲ್ಲಿ ಆಡಿದ ಒಂದು ಹಾಳೆಯೂ ಕೆಲಸಕ್ಕೆ ಬರುತ್ತದೆ. ಪ್ರವೇಶಕ್ಕೆ ಮಾತ್ರ ಅಲ್ಲ. ಮುಂದೆ ಕಾಲೇಜಿನಲ್ಲಿ ಪಿ.ಡಿ. ಸರ್ ಅಥವಾ ಮೇಡಂ (ದೈಹಿಕ ಶಿಕ್ಷಣ ನಿರ್ದೇಶಕರು) ಆಗಬೇಕೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಮತ್ತು ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಜೊತೆಗೆ ಆಡಿದ ದಾಖಲೆಯನ್ನೂ ಕೇಳುತ್ತಾರೆ. ಫಿಟ್‌ನೆಸ್ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ಓದುವ ಭರದಲ್ಲಿ ಮೈದಾನ ಬಿಡಬೇಡಿ. ಉಡುಪಿಯವರಿಗೆ ಅಜ್ಜರಕಾಡು, ಮಂಗಳೂರಿನವರಿಗೆ ಮಂಗಳಾ ಸ್ಟೇಡಿಯಂ ಇದ್ದೇ ಇದೆ. ನೆಟ್‌ನಲ್ಲಿ ದೈಹಿಕ ಶಿಕ್ಷಣದ ವಿಷಯ ಸಂಖ್ಯೆ 47. ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗಲೇ ತೆಗೆದು ನೋಡಿ, ಏನು ಓದಬೇಕೆಂಬ ಅಂದಾಜು ಸಿಗುತ್ತದೆ.

ಮೂರನೆಯದು: ಸೇರುವ ಮೊದಲೇ ಕೈ ಪಳಗಿಸಿ

ನನಗೆ ತುಂಬ ಮುಖ್ಯ ಅನ್ನಿಸುವ ಭಾಗ ಇದು. ಕ್ಲಾಸು ಶುರುವಾದ ಮೇಲೆ ಮೂಳೆ, ಸ್ನಾಯುಗಳ ಹೆಸರು, ಅಂಕಿಅಂಶದ ಲೆಕ್ಕ ಎಲ್ಲ ಒಟ್ಟಿಗೇ ತಲೆ ಮೇಲೆ ಬೀಳುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು ಹೆದರುವುದು ಜಾಸ್ತಿ. ಅಳತೆಯ ರುಚಿ ಮೊದಲೇ ಹತ್ತಿದರೆ ಆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಒಂದು ಪ್ರಯೋಗ ಹೇಳುತ್ತೇನೆ. ಗೆಳೆಯನೊಬ್ಬನನ್ನು ನಿಂತಲ್ಲಿಂದಲೇ ಮೇಲಕ್ಕೆ ಜಿಗಿಯಲು ಹೇಳಿ. ಯಕ್ಷಗಾನ ಕಲಿಯುವ ಹುಡುಗನಾದರೆ ಇನ್ನೂ ಚೆಂದ, ಧೀಂಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹೊಡೆದ ಕಾಲು ಅದು. ಮೊಬೈಲನ್ನು ನೆಲದ ಮಟ್ಟದಲ್ಲಿಟ್ಟು, ಪಾದ ಕಾಣುವಂತೆ ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ಸೆಕೆಂಡಿಗೆ 240 ಫ್ರೇಮ್ ಇರಲಿ. ಹೆಬ್ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 120 ಬಂತು ಎನ್ನೋಣ. ಅಂದರೆ ಅವನು ಅರ್ಧ ಸೆಕೆಂಡು ಗಾಳಿಯಲ್ಲಿದ್ದ. ಆ ಸಮಯವನ್ನು ಅದರಿಂದಲೇ ಗುಣಿಸಿ, ಮತ್ತೆ 9.81ರಿಂದ ಗುಣಿಸಿ, 8ರಿಂದ ಭಾಗಿಸಿ. ಸುಮಾರು 0.31 ಮೀಟರ್, ಅಂದರೆ 31 ಸೆಂಟಿಮೀಟರ್ ಜಿಗಿತ.

ಈಗ ಅವನಿಗೆ ಮಂಡಿ ಮಡಚಿಕೊಂಡು ಇಳಿಯಲು ಹೇಳಿ, ಮತ್ತೆ ಎಣಿಸಿ. ಜಿಗಿತ ಜಾಸ್ತಿ ಬಂದಂತೆ ಕಾಣುತ್ತದೆ. ಅವನು ಮೇಲೆ ಹೋದದ್ದು ಅಷ್ಟೇ, ಕಾಲು ನೆಲ ಮುಟ್ಟಿದ್ದು ಮಾತ್ರ ತಡವಾಗಿ. ಹೀಗೆ ಅಳತೆಯೇ ನಮಗೆ ಮೋಸ ಮಾಡುವುದುಂಟು. ಅದನ್ನು ಹಿಡಿಯಲು ಕಲಿತವರಿಗೆ ಕಾಲು ನೆಲವನ್ನು ತಳ್ಳುವ ಬಲವನ್ನು ಅಳೆಯುವ ಫೋರ್ಸ್ ಪ್ಲೇಟ್ ಎಂಬ ಹಲಗೆ ಯಾಕೆ ಬೇಕು ಎಂಬುದು ಲ್ಯಾಬ್‌ನಲ್ಲಿ ಮೊದಲ ದಿನವೇ ಅರ್ಥವಾಗುತ್ತದೆ. ವಿಡಿಯೋದಲ್ಲಿ ಕೀಲಿನ ಕೋನ ಅಳೆಯಲು ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪಾಠಗಳು ಸ್ವಯಂ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ, ಹಳೆಯ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಸಿಗುತ್ತವೆ.

ನಾಲ್ಕನೆಯದು: ಹೋಗಿ ನೋಡಿ

ಅರ್ಜಿ ಹಾಕುವ ಮೊದಲು ಒಂದು ದಿನ ವಿಭಾಗಕ್ಕೇ ಹೋಗಿ ಬನ್ನಿ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಕೊಣಾಜೆಗೂ ಉಡುಪಿಯಿಂದ ಮಣಿಪಾಲಕ್ಕೂ ಬಸ್ಸಿಗೆ ಬರವಿಲ್ಲ. ಸೀನಿಯರ್‌ಗಳನ್ನು ಕಂಡು ಎರಡೇ ಪ್ರಶ್ನೆ ಕೇಳಿ: ಯಂತ್ರಗಳನ್ನು ನೀವೇ ಮುಟ್ಟಿ ಕೆಲಸ ಮಾಡುತ್ತೀರಾ? ಮುಗಿಸಿದವರು ಈಗ ಎಲ್ಲಿದ್ದಾರೆ? ಫೀಸು, ಹಾಸ್ಟೆಲ್, ವಿದ್ಯಾರ್ಥಿವೇತನದ ವಿಚಾರವನ್ನು ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಐದನೆಯದು: ಪ್ರಬಂಧಕ್ಕೆ ಊರಿನ ವಿಷಯ

ಸಂಶೋಧನಾ ಪ್ರಬಂಧಕ್ಕೆ ವಿಷಯ ಆರಿಸುವಾಗ ದಯವಿಟ್ಟು ಸುತ್ತ ನೋಡಿ. ಕ್ರಿಕೆಟ್ ಬೌಲರ್‌ಗಳ ಭುಜದ ಮೇಲೆ ಜಗತ್ತಿನೆಲ್ಲೆಡೆ ಬರೆಯುತ್ತಾರೆ. ಯಕ್ಷಗಾನದ ಬಡಗುತಿಟ್ಟು ಶೈಲಿಯಲ್ಲಿ ಮಂಡಿಯೂರಿ ಸುತ್ತುವ ಮಂಡಿ ಕುಣಿತವನ್ನು ವರ್ಷಗಟ್ಟಲೆ ಮಾಡಿದ ಕಲಾವಿದರ ಮೊಣಕಾಲು ಹೇಗಿದೆ? ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಎತ್ತುವವರ ಸೊಂಟದ ಮೇಲೆ ಎಷ್ಟು ಭಾರ ಬೀಳುತ್ತದೆ? ಕಂಬಳದ ಓಟಗಾರರ ಎದೆಬಡಿತ ಕೊನೆಯ 20 ಮೀಟರಿನಲ್ಲಿ ಎಷ್ಟಿರುತ್ತದೆ? ಇವು ಇಲ್ಲಿನವರೇ ಕೇಳಬೇಕಾದ ಪ್ರಶ್ನೆಗಳು.

ಮನುಷ್ಯರ ಮೇಲೆ ಮಾಡುವ ಅಧ್ಯಯನಕ್ಕೆ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಕಂಬಳದ ಮೇಲೆ ಕೆಲಸ ಮಾಡುವುದಾದರೆ ಮಳೆಗಾಲದಲ್ಲೇ ಅರ್ಜಿ ಕೊಡಿ, ಇಲ್ಲವಾದರೆ ಸೀಸನ್ ಕೈತಪ್ಪುತ್ತದೆ. ಭಾಗವಹಿಸುವವರ ಒಪ್ಪಿಗೆ ಪತ್ರ ಇಂಗ್ಲಿಷ್‌ನಲ್ಲಿದ್ದರೆ ಸಾಲದು, ಕನ್ನಡದಲ್ಲೂ ಮಾಡಿಸಿ. ಗದ್ದೆಯ ಬದುವಿನಲ್ಲಿ ಕೂತು, ಎದೆಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿ ಏನು ಮಾಡುತ್ತದೆ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಚ್ಚಿಡಬಹುದು ಎಂಬುದನ್ನು ಅವರಿಗೆ ತುಳುವಿನಲ್ಲಿ ನೀವೇ ಹೇಳಿ.