ಲಂಡನ್‌ಗೆ ಅಪ್ಪ-ಅಮ್ಮ ಬಂದರೆ ಊರು ತೋರಿಸುವುದು ಹೇಗೆ?

ಲಂಡನ್‌ನಲ್ಲಿ ಓದುವ ನಮ್ಮ ಹುಡುಗ-ಹುಡುಗಿಯರು ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವುದು ಸಾಮಾನ್ಯವಾಗಿ ಕಾನ್ವೊಕೇಶನ್ ಹೊತ್ತಿಗೆ. ಕೈಯಲ್ಲಿರುವುದು ನಾಲ್ಕೈದು ದಿನ, ಫೋನಿನಲ್ಲಿ ಮೂವತ್ತು ಜಾಗದ ಪಟ್ಟಿ. ಎರಡನೇ ದಿನ ಮಧ್ಯಾಹ್ನಕ್ಕೇ ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಿಟ್ಟು, ಮಕ್ಕಳಿಗೆ ಬೇಜಾರು. ಇದನ್ನು ನೋಡಿ ನೋಡಿ ಸಾಕಾಗಿದೆ. ಏನು ತೋರಿಸಬೇಕು ಅನ್ನೋದು ಎಲ್ಲರಿಗೂ ಗೊತ್ತು, ಕೆಲಸ ಕೆಡುವುದು ಓಡಾಟದಲ್ಲಿ. ಅದಕ್ಕೇ ಇಲ್ಲಿ ಬಸ್ಸು-ರೈಲಿನ ಮಾತೇ ಜಾಸ್ತಿ.

ಹಂತ 1: ಅವರು ಹೊರಡುವ ಮೊದಲು

ಹೊಸ ಶೂ ಕೊಳ್ಳಬೇಡಿ ಅಂತ ಫೋನಿನಲ್ಲೇ ಹೇಳಿಬಿಡಿ. ವಾಕಿಂಗಿಗೆ ಹಾಕುವ ಹಳೇ ಶೂ ಸಾಕು. ಬೇಸಿಗೆಯಾದರೂ ಒಂದು ಸ್ವೆಟರ್, ಟೋಪಿ ಇರುವ ರೇನ್‌ಕೋಟ್ ಇರಲಿ. ಛತ್ರಿ ಬೇಡ. ಇಲ್ಲಿನ ಪ್ರವಾಸಿ ಅಂಗಡಿಗಳಲ್ಲಿ ಬ್ರಿಟನ್ ಬಾವುಟದ ಛತ್ರಿ ಸಿಗುತ್ತದಲ್ಲ, ಅದಂತೂ ಬೇಡವೇ ಬೇಡ. ಥೇಮ್ಸ್ ಸೇತುವೆ ಮೇಲಿನ ಒಂದೇ ಗಾಳಿಗೆ ಮಗುಚಿಕೊಂಡು ಕಡ್ಡಿ ಬಿಟ್ಟುಕೊಳ್ಳುತ್ತದೆ.

ಹಂತ 2: ವಿಮಾನ ನಿಲ್ದಾಣದಿಂದ ಮನೆಗೆ

ಹೀಥ್ರೋದಿಂದ ಎಲಿಜಬೆತ್ ಲೈನ್ ರೈಲು ಹಿಡಿಯಿರಿ, ಲಿಫ್ಟ್ ಇರುತ್ತದೆ. ಪಿಕಡಿಲಿ ಲೈನ್ ಅಗ್ಗ ನಿಜ, ಆದರೆ ಉಪ್ಪಿನಕಾಯಿ ತುಂಬಿದ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವವರು ಯಾರು?

ಹಂತ 3: ಕಾರ್ಡ್ ಪಾಠ

ಎಲ್ಲರೂ ಎಡವುವುದು ಇಲ್ಲೇ. ಲಂಡನ್ ಬಸ್ಸಿನಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡನ್ನೋ, ಮೊದಲೇ ದುಡ್ಡು ತುಂಬಿಸಿಡುವ ಇಲ್ಲಿನ ಆಯ್ಸ್ಟರ್ ಕಾರ್ಡನ್ನೋ ಹಳದಿ ರೀಡರ್‌ಗೆ ಮುಟ್ಟಿಸಬೇಕು.

ಒಬ್ಬರಿಗೆ ಒಂದು ಕಾರ್ಡ್. ರೈಲು ಸ್ಟೇಷನ್ನಿನಲ್ಲಿ ಅಪ್ಪ ತಮ್ಮ ಕಾರ್ಡ್ ಮುಟ್ಟಿಸಿ ಗೇಟು ದಾಟಿ, ತಿರುಗಿ ಅದನ್ನೇ ಅಮ್ಮನ ಕೈಗೆ ಕೊಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗೇಟು ತೆಗೆಯುವುದಿಲ್ಲ. ಅಮ್ಮ ಆಚೆ, ಅಪ್ಪ ಈಚೆ, ಹಿಂದೆ ಆಫೀಸಿಗೆ ಹೊರಟವರ ಸಾಲು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಇರಲಿ. ಊರಲ್ಲಿದ್ದಾಗಲೇ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶದ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಸಿ. ನನ್ನ ಮತ ಕೇಳಿದರೆ ಪೌಂಡ್ ತುಂಬಿದ ಫಾರೆಕ್ಸ್ ಕಾರ್ಡೇ ವಾಸಿ. ಮಾಮೂಲಿ ಕಾರ್ಡಾದರೆ ಬ್ಯಾಂಕು ಕರೆನ್ಸಿ ಬದಲಾವಣೆಯ ಶುಲ್ಕ ಅಂತ ಮುರಿದುಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮ. ಕಾರ್ಡು, ಅದೇ ಕಾರ್ಡನ್ನು ಸೇರಿಸಿಟ್ಟ ಫೋನು, ಇವೆರಡೂ ಗೇಟಿನ ಲೆಕ್ಕದಲ್ಲಿ ಬೇರೆ ಬೇರೆ. ಹತ್ತುವಾಗ ಕಾರ್ಡ್, ಇಳಿಯುವಾಗ ಫೋನ್ ಮುಟ್ಟಿಸಿದರೆ ಎರಡು ಅರ್ಧಂಬರ್ಧ ಪ್ರಯಾಣ ಆಗಿ, ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಬೆಳಗ್ಗೆ ಯಾವುದನ್ನು ಮುಟ್ಟಿಸಿದರೋ ರಾತ್ರಿವರೆಗೂ ಅದೇ. ಹಾಗಿದ್ದರೆ ದಿನದ ಗರಿಷ್ಠ ಮಿತಿ ತಲುಪಿದ ಮೇಲೆ ಮುಂದಿನ ಓಡಾಟಕ್ಕೆ ದುಡ್ಡು ಕಡಿತವಾಗುವುದಿಲ್ಲ. ಡೇ ಪಾಸ್ ಕೊಳ್ಳುವ ತಲೆನೋವೇ ಇಲ್ಲ.

ಬಸ್ಸಿಗೆ ಹತ್ತುವಾಗ ಮಾತ್ರ ಮುಟ್ಟಿಸಿ. ಮೊದಲ ಸಲ ಮುಟ್ಟಿಸಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿ ಹತ್ತಿದರೂ ಒಂದೇ ಟಿಕೆಟ್ಟಿನ ದುಡ್ಡು, 2025ರಲ್ಲಿ ಅದು 1.75 ಪೌಂಡ್. ರೈಲಿಗಾದರೆ ಸ್ಟೇಷನ್ ಒಳಗೆ ಹೋಗುವಾಗಲೂ ಮುಟ್ಟಿಸಬೇಕು, ಹೊರಗೆ ಬರುವಾಗಲೂ ಮುಟ್ಟಿಸಬೇಕು. ಪೂರ್ವ ಲಂಡನ್ ಕಡೆ ಓಡುವ ಡಿಎಲ್‌ಆರ್ ಅನ್ನೋ ಚಿಕ್ಕ ರೈಲಿನ ಎಷ್ಟೋ ಸ್ಟೇಷನ್‌ಗಳಲ್ಲಿ ಗೇಟೇ ಇಲ್ಲ. ಒಂದು ಕಂಬಕ್ಕೆ ರೀಡರ್ ಅಂಟಿಸಿರುತ್ತಾರೆ ಅಷ್ಟೇ. ಮಾತಾಡುತ್ತಾ ದಾಟಿ ಹೋದರೆ ಮುಗೀತು, ಮತ್ತೆ ಗರಿಷ್ಠ ದರ. ಅಂಥ ಕಡೆ ನೀವು ಕಂಬದ ಪಕ್ಕ ನಿಂತು ಇಬ್ಬರನ್ನೂ ಮುಂದೆ ಬಿಡಿ.

ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಬೇಕು ಅಂತಲೂ ಮೊದಲೇ ಹೇಳಿ. ಬೆಳಗ್ಗೆ 9.30ರ ಮೊದಲು ಟ್ಯೂಬ್, ಅಂದರೆ ನೆಲದಡಿಯ ರೈಲು, ಹತ್ತಿಸಬೇಡಿ.

ಹಂತ 4: ಮೊದಲ ದಿನ ಬಸ್ಸೇ ಸಾಕು

ಬೇಸಿಗೆಯಲ್ಲಿ ನಮ್ಮ ದೇಶಕ್ಕೂ ಇಲ್ಲಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಸಂಜೆ ಏಳಕ್ಕೇ ಅವರಿಗೆ ಕಣ್ಣು ಎಳೆಯುತ್ತದೆ. ಆ ದಿನ ರಾತ್ರಿಗೆ ನಾಟಕದ ಟಿಕೆಟ್ ತೆಗೆಯಬೇಡಿ, ಅಷ್ಟು ದುಡ್ಡು ಕೊಟ್ಟು ನಿದ್ದೆ ಮಾಡಿಸಿದಂತೆ. ಕೆನ್ಸಿಂಗ್ಟನ್ ಕಡೆಯಿಂದ 9ನೇ ನಂಬರ್ ಡಬಲ್ ಡೆಕರ್ ಹತ್ತಿ, ಮೇಲೆ ಮುಂದಿನ ಸೀಟು ಹಿಡಿಯಿರಿ. ಆಲ್ಬರ್ಟ್ ಹಾಲ್, ಹೈಡ್ ಪಾರ್ಕ್ ಕಾರ್ನರ್, ಪಿಕಡಿಲಿ ದಾಟಿ ಟ್ರಫಾಲ್ಗರ್ ಸ್ಕ್ವೇರ್ ಬರುತ್ತದೆ. ಅಲ್ಲಿ 15ಕ್ಕೆ ಬದಲಾಯಿಸಿದರೆ ಸೇಂಟ್ ಪಾಲ್ಸ್ ಮುಂದೆ ಹಾದು ಟವರ್ ಆಫ್ ಲಂಡನ್. ಪ್ರವಾಸಿ ಬಸ್ಸಿನವರು ತೋರಿಸುವುದೂ ಬಹುತೇಕ ಇವನ್ನೇ, ಹತ್ತಾರು ಪಟ್ಟು ದುಡ್ಡು ತೆಗೆದುಕೊಂಡು. ರಾತ್ರಿ ಬಣ್ಣದ ದೀಪ, ಜೋರು ಹಾಡು ಹಾಕಿಕೊಂಡು ಸುತ್ತುವ ಸೈಕಲ್ ರಿಕ್ಷಾಗಳನ್ನಂತೂ ರೇಟು ಕೇಳದೆ ಹತ್ತಲೇಬೇಡಿ.

ಹಂತ 5: ದಿನಕ್ಕೆ ಒಂದೇ ಮ್ಯೂಸಿಯಂ

ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಪುಕ್ಕಟೆ. ಹಾಗಂತ ಎಲ್ಲ ಕೋಣೆಗೂ ನುಗ್ಗಬೇಡಿ. ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಲ್ಲಿ ಟಿಪ್ಪುವಿನ ಮರದ ಹುಲಿ ಇದೆ. ಗ್ಯಾಲರಿ ತೆರೆದಿದೆಯೇ ಅಂತ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಹೊರಡಿ. ಕೆಳಗೆ ಬಿದ್ದ ಯುರೋಪಿನ ಸಿಪಾಯಿಯ ಮೇಲೆ ಹುಲಿ ಎರಗಿದೆ, ಅದರ ಮೈಯೊಳಗೆ ಪುಟ್ಟ ಆರ್ಗನ್ ವಾದ್ಯ. ಹಿಡಿ ತಿರುಗಿಸಿದರೆ ಹುಲಿಯ ಗುರುಗುಟ್ಟುವಿಕೆ, ಸಿಪಾಯಿಯ ನರಳಾಟ ಎರಡೂ ಕೇಳುವಂತೆ ಮಾಡಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಇದನ್ನು ಇಲ್ಲಿಗೆ ತಂದರು. ಶ್ರೀರಂಗಪಟ್ಟಣ ನೋಡಿದವರು ಇದರ ಮುಂದೆ ಬೇಗ ಕದಲುವುದಿಲ್ಲ. ಕದಲಿಸಲೂ ಬೇಡಿ.

ಹಂತ 6: ಬಸವಣ್ಣನವರೆಗೆ ನಡಿಗೆ

ಪಾರ್ಲಿಮೆಂಟ್ ಮುಂದೆ ಫೋಟೋ ತೆಗೆದು ವಾಪಸ್ ಬರುವವರೇ ಜಾಸ್ತಿ. ಅಲ್ಲಿ ಜನರ ನಡುವೆ ಕತ್ತೆತ್ತಿ ನೋಡುವ ಬದಲು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಬಲಕ್ಕೆ ತಿರುಗಿ, ನದಿ ದಡಕ್ಕೆ ಇಳಿಯಿರಿ. ಇಡೀ ಕಟ್ಟಡ ಎದುರಿಗೆ ಸಿಗುತ್ತದೆ. ಪಕ್ಕದ ಉದ್ದನೆ ಗೋಡೆಯ ತುಂಬ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. ಕೆಲವದರ ಒಳಗೆ ಮನೆಯವರು ಹೆಸರು ಬರೆದಿದ್ದಾರೆ. ಹಾಗೇ ಅದೇ ದಡದಲ್ಲಿ ಮುಂದೆ ನಡೆದರೆ, ಲ್ಯಾಂಬೆತ್ ಸೇತುವೆಯನ್ನು ಹತ್ತದೆ ಅದರಾಚೆ ಹೋದ ಕೂಡಲೇ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದರ ಹಿಂದಿನ ಓಡಾಟ ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರದು. ನಿಧಾನಕ್ಕೆ ನಡೆದರೂ ಅರ್ಧ ಗಂಟೆಯ ದಾರಿ.

ಹಂತ 7: ಗ್ರೀನಿಚ್

ಡಿಎಲ್‌ಆರ್‌ನಲ್ಲಿ ಹೋಗಿ ಕಟ್ಟಿ ಸಾರ್ಕ್ ಸ್ಟೇಷನ್‌ನಲ್ಲಿ ಇಳಿಯಿರಿ. ಚಾಲಕನ ಕೋಣೆ ಇಲ್ಲದ ರೈಲು, ಹಾಗಾಗಿ ಮುಂದಿನ ಸೀಟಿನಲ್ಲಿ ಅಪ್ಪನನ್ನು ಕೂರಿಸಿ. ಗ್ರೀನಿಚ್ ಪಾರ್ಕಿನ ಗುಡ್ಡ ಹತ್ತಿದರೆ ನಗರದ ನೋಟ ಪುಕ್ಕಟೆ. ಅದಿರುವಾಗ ಲಂಡನ್ ಐ ಅನ್ನೋ ದೈತ್ಯ ಚಕ್ರಕ್ಕೆ ದುಡ್ಡು ಸುರಿಯುವುದು ಯಾಕೆ? ವಾಪಸ್ ಬರುವಾಗ ದೋಣಿ ಹಿಡಿಯಿರಿ. ಅದರ ದರ ಮಾತ್ರ ದಿನದ ಮಿತಿಗೆ ಸೇರುವುದಿಲ್ಲ.

ಬಕಿಂಗ್‌ಹ್ಯಾಮ್ ಅರಮನೆಯ ಕಾವಲು ಸೈನಿಕರ ಬದಲಾವಣೆಯ ಮೆರವಣಿಗೆ ಬಿಟ್ಟುಬಿಡಿ. ಅದು ಎಲ್ಲ ದಿನ ಇರುವುದಿಲ್ಲ, ಇದ್ದ ದಿನ ಕಾಣುವುದು ಮುಂದಿನವರ ಫೋನು. ಕುದುರೆ ಸವಾರ ಕಾವಲುಗಾರರೇ ಬೇಕೆಂದರೆ ಹಾರ್ಸ್ ಗಾರ್ಡ್ಸ್ ಮೈದಾನಕ್ಕೆ ಬೆಳಗ್ಗೆ 11ಕ್ಕೆ ಹೋಗಿ, ಭಾನುವಾರವಾದರೆ 10ಕ್ಕೆ.

ಊಟ, ಶೌಚಾಲಯ

ಇವೆರಡನ್ನೂ ಬೆಳಗ್ಗೆಯೇ ಯೋಚಿಸಿಟ್ಟುಕೊಳ್ಳಿ. ದೊಡ್ಡ ರೈಲು ನಿಲ್ದಾಣಗಳಲ್ಲಿ, ಮ್ಯೂಸಿಯಂಗಳಲ್ಲಿ ಶೌಚಾಲಯಕ್ಕೆ ದುಡ್ಡಿಲ್ಲ. ಮೂರನೇ ದಿನಕ್ಕೆ ಸ್ಯಾಂಡ್‌ವಿಚ್ ಮುಖ ನೋಡಲೂ ಅವರಿಗೆ ಇಷ್ಟ ಇರುವುದಿಲ್ಲ. ಯೂಸ್ಟನ್ ಹತ್ತಿರದ ಡ್ರಮಂಡ್ ಸ್ಟ್ರೀಟ್‌ಗೆ ಕರೆದೊಯ್ಯಿರಿ, ದೋಸೆ, ಭೇಲ್ ಪುರಿ ಸಿಗುತ್ತದೆ. ಇಲ್ಲದಿದ್ದರೆ ಬೆಳಗ್ಗೆಯೇ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೈಡ್ ಪಾರ್ಕ್‌ನಲ್ಲಿ ಕೂತು ತಿನ್ನಿ. ಆದರೆ ಬೆಂಚಿನ ಮೇಲೆ ಕೂತುಕೊಳ್ಳಿ. ಹುಲ್ಲಿನ ಮೇಲೆ ಹಾಕಿಟ್ಟ ಪಟ್ಟೆ ಬಟ್ಟೆಯ ಕುರ್ಚಿಗಳು ಬಾಡಿಗೆಯವು.