ತಮ್ಮ ಎತ್ತಿಟ್ಟಿದ್ದ ಡಬ್ಬಿ

ಅಪ್ಪನನ್ನು ಬೀದಿಯಲ್ಲಿ ಇರಿದು ಮೊಬೈಲ್ ಕಿತ್ತುಕೊಂಡು ಹೋದ ರಾತ್ರಿ, ಠಾಣೆಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆ: "ನಿಮ್ಮ ತಮ್ಮ ಎಲ್ಲಿದ್ದಾನೆ?"

ತಮ್ಮನ ಹೆಸರು ಅಲ್ಲಿಯ ರೌಡಿ ಪಟ್ಟಿಯಲ್ಲಿತ್ತು. ನಾನು ಓದಿ ಗುಮಾಸ್ತನಾದೆ, ಅವನು ಹದಿನೆಂಟಕ್ಕೇ ಮನೆ ಬಿಟ್ಟು ಹುಡುಗರ ಗುಂಪೊಂದನ್ನು ಸೇರಿದ. ಅವನ ಮೇಲಿನ ದ್ವೇಷಕ್ಕೆ ಅಪ್ಪ ಸಿಕ್ಕಿಬಿದ್ದರೆಂದು ಠಾಣೆಯವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ನನ್ನ ಮುಂದಿಟ್ಟ ದೂರಿನಲ್ಲಿ ಸುಲಿಗೆಯ ಮಾತೇ ಇರಲಿಲ್ಲ, 'ಗಲಾಟೆಯಲ್ಲಿ ಗಾಯ' ಎಂದಿತ್ತು. ಮೊಬೈಲ್ ಕಳೆದುಹೋಗಿದೆ ಎಂದು ಬೇರೆ ಅರ್ಜಿ ಕೊಡಿ ಎಂದರು.

ನಾನು ಸಹಿ ಹಾಕಲಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಅದನ್ನು ಓದಿ ಹೇಳಿಯೇ ಸಹಿ ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮರುದಿನ, ನಡೆದದ್ದನ್ನೆಲ್ಲ ನನ್ನ ಕೈಯಾರೆ ಬರೆದು ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆ. ಹೀಗೆ ಕಳುಹಿಸಲು ಆಗ ಅವಕಾಶ ಕೊಟ್ಟಿದ್ದದ್ದು ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ ಕಲಂ 154(3). 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ಅವಕಾಶ 173(4)ರಲ್ಲಿದೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದ್ದನ್ನೂ ಅದೇ ಪತ್ರದಲ್ಲಿ ಬರೆದೆ. ಸುಲಿಗೆಯ ಪ್ರಕರಣ ದಾಖಲಾಯಿತು.

ಒಂದು ವಿಷಯದಲ್ಲಿ ಮಾತ್ರ ನಾನು ಸೋತೆ. ಎರಡನೆಯ ದಿನ ಅಪ್ಪನಿಗೆ ಪ್ರಜ್ಞೆ ಬಂದಿತ್ತು. "ಬೈಕಿನಲ್ಲಿ ಇಬ್ಬರಿದ್ದರು, ಹಿಂದೆ ಕುಳಿತವನು ಇರಿದ" ಎಂದು ನನಗೆ ಹೇಳಿದರು. ಮ್ಯಾಜಿಸ್ಟ್ರೇಟರನ್ನು ಕರೆಸಿ ಆ ಮಾತನ್ನು ದಾಖಲಿಸಿ ಎಂದು ತನಿಖಾಧಿಕಾರಿಯನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾಲ್ಕನೆಯ ದಿನ ಅವರು ತೀರಿಕೊಂಡರು. ಮುಂದೆ ಅವರು ಹೇಳಿದ್ದಕ್ಕೆ ನ್ಯಾಯಾಲಯದಲ್ಲಿ ನನ್ನ ಬಾಯಿಮಾತೊಂದೇ ಉಳಿಯಿತು. ನಿಮ್ಮವರು ಗಾಯಗೊಂಡು ಮಲಗಿದ್ದು, ಮಾತನಾಡುವ ಸ್ಥಿತಿಯಲ್ಲಿದ್ದರೆ ದಯವಿಟ್ಟು ಆ ಗಳಿಗೆಯನ್ನು ಕಳೆದುಕೊಳ್ಳಬೇಡಿ.

ಅಪ್ಪ ತೀರಿಕೊಂಡ ದಿನ ರಾತ್ರಿ ತಮ್ಮ ಮನೆಗೆ ಬಂದ. ಕೈಯಲ್ಲೊಂದು ಖಾಲಿ ಮೊಬೈಲ್ ಡಬ್ಬಿ. "ಅಣ್ಣ, ಇದು ಬೇಕಾಗುತ್ತದೆಯೇ?" ಎಂದ.

ಆ ಮೊಬೈಲನ್ನು ಅಪ್ಪನಿಗೆ ಕೊಟ್ಟವನು ಅವನೇ. ಕದ್ದ ಮಾಲು ಇರಬೇಕು, ಮುಟ್ಟಬೇಡಿ ಎಂದು ಅವನೆದುರೇ ಅಪ್ಪನಿಗೆ ಹೇಳಿದ್ದವನು ನಾನು. ಅಪ್ಪ ನನ್ನ ಮಾತು ಕೇಳಿರಲಿಲ್ಲ. ಡಬ್ಬಿಯ ಪಕ್ಕದ ಚೀಟಿಯಲ್ಲಿ ಹದಿನೈದು ಅಂಕಿಗಳ ಐಎಂಇಐ, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆ ಇತ್ತು. ಒಳಗೆ ನಾಲ್ಕು ಮಡಿಕೆ ಮಾಡಿ ಇಟ್ಟ ಬಿಲ್ಲು, ಅದರ ಮೇಲೆ ಅವನದೇ ಹೆಸರು. ನಾನು ಅದನ್ನು ಬಿಡಿಸಿ ಓದುತ್ತಿದ್ದಾಗ ಅವನು ಗೋಡೆಯ ಕಡೆ ನೋಡುತ್ತಿದ್ದ.

ಇರಿದವರು ಯಾರೆಂದು ಬೀದಿಗೆ ಆಗಲೇ ಗೊತ್ತಾಗಿತ್ತು. "ಮೊಬೈಲ್ ಯಾರ ಬಳಿ ಇದೆ ಎಂಬುದೂ ಗೊತ್ತು. ಬೆಳಿಗ್ಗೆ ತರುತ್ತೇನೆ. ಉಳಿದದ್ದನ್ನೂ ಮುಗಿಸುತ್ತೇನೆ" ಎಂದ. ಬೆಳಕು ಹರಿಯುವವರೆಗೆ ಜಗಳವಾಡಿದೆವು. ಅಮ್ಮನ ಕಣ್ಣೀರಿಗೂ ಅವನು ಜಗ್ಗಲಿಲ್ಲ. ಕೊನೆಗೆ ಕೇಳಿದೆ: "ನೀನು ತಂದರೆ ಅದು ನಿನ್ನ ಕೈಯಲ್ಲಿ ಸಿಕ್ಕ ಮೊಬೈಲ್ ಆಗುತ್ತದೆ. ಅವನೇ ಕದ್ದದ್ದೆಂದು ಆಮೇಲೆ ಯಾರು ನಂಬುತ್ತಾರೆ? ನಿನ್ನ ಹೆಸರು ಆ ಪಟ್ಟಿಯಲ್ಲಿದೆ." ಅದು ಅವನಿಗೆ ತಟ್ಟಿತು. ಆರೋಪಿ ತಾನೇ ತೋರಿಸಿಕೊಟ್ಟು, ಪಂಚರ (ಸಾಕ್ಷಿಗೆ ಕರೆದವರ) ಎದುರು ಮಹಜರು ಬರೆದು ಪೊಲೀಸರು ವಶಪಡಿಸಿಕೊಂಡರೆ ಆ ವಸ್ತುವಿಗೆ ಹೆಚ್ಚು ಬೆಲೆ.

ಬೆಳಿಗ್ಗೆ ಇಬ್ಬರೂ ವಕೀಲರೊಬ್ಬರನ್ನು ಕರೆದುಕೊಂಡು ತನಿಖಾಧಿಕಾರಿಯ ಬಳಿ ಹೋದೆವು. ಡಬ್ಬಿ, ಬಿಲ್ಲು ಕೊಟ್ಟು ಸ್ವೀಕೃತಿ ಬರೆಸಿಕೊಂಡೆವು. ತಮ್ಮ ತನಗೆ ತಿಳಿದದ್ದನ್ನು ಹೇಳಿದ. ಅಪ್ಪನ ಮೊಬೈಲಿಗೆ ಬೇರೆ ಸಿಮ್ ಹಾಕಿದ್ದರೂ ಐಎಂಇಐ ಬದಲಾಗಿರಲಿಲ್ಲ, ಕರೆ ವಿವರಗಳೂ ತಮ್ಮ ಹೇಳಿದವನತ್ತಲೇ ಬೊಟ್ಟು ಮಾಡಿದವು. ವಾರದೊಳಗೆ ಇಬ್ಬರ ಬಂಧನವಾಯಿತು.

ಜಾಮೀನು ಅರ್ಜಿ ಬಂದಾಗ ನಮ್ಮ ವಕೀಲರು ಸರ್ಕಾರಿ ಅಭಿಯೋಜಕರ ಜೊತೆ ನಿಂತು ವಿರೋಧಿಸಿದರು. ಇಂಥ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಜಗಜೀತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆಮೇಲಿನದು ಬರೀ ಕಾಯುವಿಕೆ, ವಾಯಿದೆಯ ಮೇಲೆ ವಾಯಿದೆ. ನಾನು ಒಂದನ್ನೂ ತಪ್ಪಿಸಲಿಲ್ಲ.

ಕಣ್ಣಾರೆ ಕಂಡಿದ್ದ ಒಬ್ಬನೇ ಒಬ್ಬ ಸಾಕ್ಷಿ ಹೇಳಿಕೆ ಬದಲಿಸಿ ಪ್ರತಿಕೂಲನಾದ. ಆ ಸಂಜೆ ತಮ್ಮ ಊಟ ಮಾಡಲಿಲ್ಲ. ಅವನು ಹೊರಗೆ ಹೋಗುತ್ತಾನೇನೋ ಎಂದು ನಾನು ಬಾಗಿಲಲ್ಲೇ ಕುಳಿತಿದ್ದೆ. ಅವನು ಹೋಗಲಿಲ್ಲ.

ಸಾಕ್ಷಿ ಹೇಳಲು ಅವನ ಸರದಿ ಬಂತು. ಎದುರು ವಕೀಲರು ಪಾಟಿ ಸವಾಲಿನಲ್ಲಿ ಮೊಬೈಲ್ ಬಿಟ್ಟು ಅವನನ್ನೇ ಹಿಡಿದರು. "ನಿಮ್ಮ ಮೇಲೆ ಎಷ್ಟು ಪ್ರಕರಣಗಳಿವೆ?" ಹಿಂದಿನ ದಿನ ಅಭಿಯೋಜಕರು ಅವನಿಗೆ ಒಂದೇ ಮಾತು ಹೇಳಿದ್ದರು, ಮುಚ್ಚಿಡಬೇಡ ಎಂದು. "ಮೂರು. ಒಂದರಲ್ಲಿ ಶಿಕ್ಷೆಯಾಗಿದೆ" ಎಂದ. "ಈ ಮೊಬೈಲೂ ಕದ್ದದ್ದೇ ತಾನೇ?" ನ್ಯಾಯಾಧೀಶರು ಬಿಲ್ಲನ್ನು ತೆರೆದು ನೋಡಿದರು. ನನ್ನ ತಮ್ಮ ಆ ಮೊಬೈಲನ್ನು ಕೈಗೆತ್ತಿಕೊಂಡು ಹಿಂಬದಿಯ ಮೂಲೆ ತೋರಿಸಿದ. "ಇದು ಅಪ್ಪನ ಕೈಯಿಂದ ಬಿದ್ದು ಒಡೆದಿತ್ತು. ನಾನೇ ಅಂಟು ಹಾಕಿ ಕೂರಿಸಿದ್ದೆ." ಅಂಟು ಹಳದಿಯಾಗಿ ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ತಲೆ ಎತ್ತಲಾಗಲಿಲ್ಲ.

ಇರಿದವನಿಗೆ ಜೀವಾವಧಿ ಶಿಕ್ಷೆಯಾಯಿತು. ಬೈಕ್ ಓಡಿಸಿದವನು ಸಾಕ್ಷ್ಯ ಸಾಲದೆಂದು ಬಿಡುಗಡೆಯಾದ. ಬಿಡುಗಡೆಯ ವಿರುದ್ಧ ಸಂತ್ರಸ್ತರೂ ಮೇಲ್ಮನವಿ ಸಲ್ಲಿಸಬಹುದು. ನಾವು ಹೈಕೋರ್ಟಿಗೆ ಸಲ್ಲಿಸಿದ್ದೇವೆ. ಅದು ಇತ್ಯರ್ಥವಾಗುವವರೆಗೆ ಮೊಬೈಲು, ಡಬ್ಬಿ ಎರಡೂ ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುಗಳಾಗಿ, ನ್ಯಾಯಾಲಯದಲ್ಲೇ ಇರುತ್ತವೆ. ಬಿಲ್ಲಿನ ನಕಲು ಮಾತ್ರ ನನ್ನ ಬಳಿ ಇದೆ. ಮುಂದಿನ ವಾಯಿದೆಗೆ ತಮ್ಮನೂ ಬರುತ್ತಾನೆ.