ಮನೆಯಲ್ಲೇ ಡೆವಲಪರ್: ಮೆಟಾಲ್ ಇದ್ದಲ್ಲಿ ಗ್ಲೌಸ್ ಇರಲಿ

ಬೇಕಲ ಕೋಟೆಯಲ್ಲೋ ಯಕ್ಷಗಾನದ ಚೌಕಿಯಲ್ಲೋ ಕಪ್ಪು-ಬಿಳುಪು ಫಿಲಂನಲ್ಲಿ ಫೋಟೊ ತೆಗೆದಿದ್ದೀರಾ? ತೊಳೆಸಲು ದೂರದ ಲ್ಯಾಬಿಗೇ ಕಳಿಸಬೇಕೆಂದಿಲ್ಲ. ಕೊಡ್ಯಾಕ್‌ನ ಡಿ-76 ಡೆವಲಪರನ್ನು, ಅಂದರೆ ಫಿಲಂನಲ್ಲಿ ಚಿತ್ರ ಮೂಡಿಸುವ ದ್ರಾವಣವನ್ನು, ಮನೆಯಲ್ಲೇ ಮಾಡಬಹುದು.

1 ಲೀಟರಿಗೆ ಬೇಕಾದದ್ದು ಮೆಟಾಲ್ ಎಂಬ ರಾಸಾಯನಿಕದ ಪುಡಿ 2 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ ಅಂದರೆ ಬೋರಾಕ್ಸ್ 2 ಗ್ರಾಂ. ಅಡುಗೆಮನೆ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವಂಥದ್ದು ಬೇಕು. ಅಡುಗೆ ಪಾತ್ರೆಯನ್ನಂತೂ ಮುಟ್ಟಲೇಬೇಡಿ.

ತೂಗುವಾಗ ಫ್ಯಾನ್ ಬಂದ್ ಮಾಡಿ, ಕಿಟಕಿ ತೆರೆದಿಡಿ. ನೈಟ್ರೈಲ್ ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿ. ಹೈಡ್ರೋಕ್ವಿನೋನ್ ಪುಡಿ ಕಣ್ಣಿಗೆ ಕೆಟ್ಟದ್ದು. ಬಿದ್ದರೆ 15 ನಿಮಿಷ ನೀರು ಹಾಯಿಸಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ಆಸ್ತಮಾ ಇದ್ದವರಿಗೆ ಸಲ್ಫೈಟ್ ಆಗದೇ ಇರಬಹುದು. ಮೆಟಾಲ್ ಕಥೆಯೇ ಬೇರೆ. ಮೊದಮೊದಲು ಏನೂ ಆಗುವುದಿಲ್ಲ. ಬರಿಗೈಯಲ್ಲಿ ಮುಟ್ಟುತ್ತಾ ಹೋದಂತೆ ಕೆಲವರಿಗೆ ಬೆರಳುಗಳು ಕೆಂಪಾಗಿ, ತುರಿಸಿ, ಬಿರಿಯುತ್ತವೆ. ಒಮ್ಮೆ ಅಲರ್ಜಿ ಹಿಡಿದರೆ ಮತ್ತೆ ಒಂದು ಹನಿ ತಾಗಿದರೂ ಸಾಕು. ಹಿಂದೆ ಟ್ರೇಗೆ ಸುಮ್ನೆ ಕೈ ಅದ್ದುವುದು ಸ್ಟುಡಿಯೋಗಳಲ್ಲಿ ಮಾಮೂಲಿಯಾಗಿತ್ತು. ಆ ಅಭ್ಯಾಸ ಬೇಡವೇ ಬೇಡ.

ಈಗ ಕಲಸುವುದು. ಕುದಿಸಿ ಸೋಸಿದ 750 ಮಿ.ಲೀ. ನೀರು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಲಿ. ಒಂದು ಚಿಟಿಕೆ ಸಲ್ಫೈಟ್ ಹಾಕಿ, ಮೆಟಾಲನ್ನು ಪೂರ್ತಿ ಕರಗಿಸಿ. ಚಿಟಿಕೆ ಯಾಕೆ? ಮೆಟಾಲ್ ಗಾಳಿಗೆ ಕಂದಾಗದಿರಲಿ ಅಂತ. ಸಲ್ಫೈಟ್ ಎಲ್ಲಾ ಮೊದಲೇ ಸುರಿದರೆ ಮೆಟಾಲ್ ಸರಿಯಾಗಿ ಕರಗುವುದಿಲ್ಲ. ಆಮೇಲೆ ಉಳಿದ ಸಲ್ಫೈಟನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ತಣ್ಣೀರು ಸೇರಿಸಿ 1 ಲೀಟರ್ ಮಾಡಿ, ಮರುದಿನ ಬಳಸಿ.

ಮೆಟಾಲ್ ನೆರಳಿನ ವಿವರಗಳನ್ನು ಬೇಗ ಎಬ್ಬಿಸುತ್ತದೆ. ಹೈಡ್ರೋಕ್ವಿನೋನ್ ಈ ದ್ರಾವಣದಲ್ಲಿ ಒಂಟಿಯಾಗಿ ಮೈಗಳ್ಳ. ಆದರೆ ಎರಡೂ ಜೊತೆಯಾದರೆ ಕೆಲಸ ಜಾಸ್ತಿ. ಬಿಳಿಗಾರ ಬೇಕಾದ ಕ್ಷಾರ ಕೊಡುತ್ತದೆ.

ನಮ್ಮಲ್ಲಿ ನಿಜವಾದ ತಲೆನೋವು ಸೆಕೆ. ಫಿಲಂ ತೊಳೆಯುವ ಲೆಕ್ಕವೆಲ್ಲ 20 ಡಿಗ್ರಿಗೆ. ಕಾಸರಗೋಡಿನ ಏಪ್ರಿಲ್‌ನಲ್ಲಿ ನಲ್ಲಿ ನೀರು ಅಷ್ಟು ತಣ್ಣಗಿರುತ್ತದಾ? ಬಕೆಟಿಗೆ ಐಸ್ ಹಾಕಿ ಬಾಟಲಿಯನ್ನು ಅದರಲ್ಲಿಡಿ. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲಂಗೆ ನೀರು ಬೆರೆಸದ ಡಿ-76ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. 24 ಡಿಗ್ರಿಗೆ ಸುಮಾರು ಮೂರನೇ ಒಂದು ಪಾಲು ಕಮ್ಮಿ. 5 ನಿಮಿಷಕ್ಕಿಂತ ಕೆಳಗೆ ಬಂದರೆ ಫಿಲಂ ಮೇಲೆ ಏರುಪೇರು ಕಾಣಬಹುದು.

ಕಂದು ಬಾಟಲಿಗೆ ಕುತ್ತಿಗೆವರೆಗೆ ತುಂಬಿಸಿ, ಮೇಲೆ ಹೆಸರು, ತಾರೀಕು ಬರೆಯಿರಿ. ತಂಪು ಪಾನೀಯದ ಬಾಟಲಿ ಬೇಡ, ಮನೆಯಲ್ಲಿ ಮಕ್ಕಳಿರುತ್ತಾರೆ ಅಲ್ವಾ? ತುಂಬಿದ ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಖಾಲಿಯಾದದ್ದರಲ್ಲಿ ಎರಡು ತಿಂಗಳು ಉಳಿಯುತ್ತದೆ. ಕಣ್ಣ ಚಾಯದ (ಹಾಲು ಹಾಕದ ಚಹಾದ) ಬಣ್ಣಕ್ಕೆ ತಿರುಗಿದರೆ ಮುಗಿಯಿತು.

ಹಳೆಯದನ್ನು ಅಡಿಕೆ ತೋಟಕ್ಕೆ ಚೆಲ್ಲಬೇಡಿ. ಮುರಕಲ್ಲಿನ ನೆಲ ನೀರನ್ನು ಬೇಗ ಕೆಳಗಿಳಿಸುತ್ತದೆ, ಅದೇ ನೀರು ಬಾವಿಗೂ, ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗಕ್ಕೂ ಬರುತ್ತದೆ. ಡೆವಲಪರ್ ಒಂದು ಕ್ಯಾನಿನಲ್ಲಿ, ಬೆಳ್ಳಿಯ ಅಂಶವಿರುವ ಹೈಪೋ (ಮೂಡಿದ ಚಿತ್ರವನ್ನು ಕಾಯಂ ಮಾಡಲು ಬಳಸಿದ ದ್ರಾವಣ) ಇನ್ನೊಂದರಲ್ಲಿ ಕೂಡಿಡಿ. ಹಳೇ ಪದ್ಧತಿಯ ಎಕ್ಸ್-ರೇ ಫಿಲಂ ತೊಳೆಯುವವರು ಹತ್ತಿರದಲ್ಲಿದ್ದರೆ, ಅವರು ಬಳಸಿದ ದ್ರಾವಣವನ್ನು ಎಲ್ಲಿಗೆ ಕೊಡುತ್ತಾರೆಂದು ವಿಚಾರಿಸಿ.